ಕೊಳ್ಳೆಗಾರರು ಒಕ್ಕಲಾದ ಬಗೆ



ಸುಲಿಗೆಯನ್ನೇ ಕಸುಬು ಮಾಡಿಕೊಂಡವರು ನಿನ್ನೆಯ ಹಗೆಗಳ ನೆರೆಯಲ್ಲಿ ನೆಮ್ಮದಿಯಿಂದ ಬಾಳಬಲ್ಲರೆ? ಬಲ್ಲರು ಎನ್ನುತ್ತದೆ ಇಂಗ್ಲೆಂಡಿನ ಚರಿತ್ರೆ. 878ರಲ್ಲಿ ಆಲ್ಫ್ರೆಡ್ ದೊರೆ ಡೇನರ ನಾಯಕ ಗುತ್ರಮನನ್ನು ಸೋಲಿಸಿದನು. ಕೊಲ್ಲಲಿಲ್ಲ, ಕ್ರೈಸ್ತದೀಕ್ಷೆ ಕೊಡಿಸಿ ತಾನೇ ಧರ್ಮಪಿತನಾದನು. 880ರಲ್ಲಿ ಆ ಡೇನರು ಈಸ್ಟ್ ಆಂಗ್ಲಿಯದ ನೆಲವನ್ನು ಹಂಚಿಕೊಂಡು ಒಕ್ಕಲಾದರು. ಇಂಗ್ಲಿಷಿನ ‘ಲಾ’, ‘ವಿಂಡೋ’, ‘ಎಗ್’ ಡೇನರ ನುಡಿಯಿಂದ ಬಂದವು. ಕೊಳ್ಳೆಗಾರರ ಮಾತಲ್ಲ, ಸಂಸಾರಿಗಳ ಮಾತು.

ಆದರೆ 1002ರಲ್ಲಿ, ಕಡಲಾಚೆಯ ಹೊಸ ದಾಳಿಗಳಿಂದ ಕಂಗೆಟ್ಟ ಎಥೆಲ್ರೆಡ್ ದೊರೆ ನಾಡಿನೊಳಗಿನ ಡೇನರನ್ನೆಲ್ಲ ಕೊಲ್ಲಲು ಆಜ್ಞಾಪಿಸಿದನು. ಆಕ್ಸ್‌ಫರ್ಡಿನಲ್ಲಿ ಅವರು ಆಶ್ರಯಕ್ಕೆಂದು ಹೊಕ್ಕ ಇಗರ್ಜಿಗೇ ಬೆಂಕಿಯಿಟ್ಟರು. ಫಲವೇನು? 1013ರಲ್ಲಿ ಡೇನರ ದೊರೆ ಸ್ವೇನನೇ ಇಂಗ್ಲೆಂಡನ್ನು ಗೆದ್ದನು.

ಬಂದವನು ಕತ್ತಿಯನ್ನು ಮರೆತರೆ ಸಾಲದು. ಇದ್ದವನು ಹಗೆಯನ್ನೂ ಮರೆಯಬೇಕು.