ಬೂದಿಯಾಗುವ ಗೊಬ್ಬರವನ್ನು ಉಳಿಸಿ
(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಭಾಷಣದ ಪಾಠ)



ಪರಿಸರ ಸಂರಕ್ಷಣೆ ಎಂದೊಡನೆ ಕಾಡು, ನದಿ, ಕಾರ್ಖಾನೆಗಳು ನೆನಪಿಗೆ ಬರುವುದು ಸಹಜ. ಆದರೆ ರೈತನ ಮಟ್ಟಿಗೆ ಪರಿಸರವು ಕೊಟ್ಟಿಗೆಯಿಂದಲೇ ಆರಂಭವಾಗುತ್ತದೆ. ಸಗಣಿ ಎಲ್ಲಿ ಬೀಳುತ್ತದೆ, ಗಂಜಲ ಎತ್ತ ಹರಿಯುತ್ತದೆ, ತರಗು ಏನಾಗುತ್ತದೆ, ಬಚ್ಚಲ ನೀರು ಎಲ್ಲಿ ನಿಲ್ಲುತ್ತದೆ ಎಂಬ ದಿನನಿತ್ಯದ ಸಂಗತಿಗಳ ಮೇಲೆ ಭೂಮಿಯ ಸತ್ವ ನಿಂತಿದೆ. ಭೂಮಿಯಿಂದ ಬಂದದ್ದು ಭೂಮಿಗೆ ಮರಳಬೇಕು. ಮರಳದೆ ಹೊಗೆಯಾಗಿ ಹೋದದ್ದನ್ನು ಮುಂದಿನ ಹಂಗಾಮಿನಲ್ಲಿ ಹಣ ಕೊಟ್ಟು ತರಬೇಕಾಗುತ್ತದೆ.

ಮೊದಲು ಸಗಣಿಯ ಲೆಕ್ಕ ನೋಡೋಣ. ಬೆಳೆದ ಒಂದು ದನ ದಿನಕ್ಕೆ ಸುಮಾರು 10 ಕೆ.ಜಿ. ಸಗಣಿ ಹಾಕುತ್ತದೆ. ನಾಲ್ಕು ದನಗಳಿರುವ ಮನೆಯಲ್ಲಿ ವರ್ಷಕ್ಕೆ 14 ಟನ್ನಿಗೂ ಹೆಚ್ಚು ಹಸಿ ಸಗಣಿ ದೊರೆಯುತ್ತದೆ. ಅದರಲ್ಲಿ ಶೇಕಡ 0.3ರಷ್ಟು ಸಾರಜನಕವಿದೆ ಎಂದರೂ 42 ಕೆ.ಜಿ. ಆಯಿತು. ಇದು ಎರಡು ಚೀಲ ಯೂರಿಯಾದಲ್ಲಿರುವಷ್ಟು ಸಾರಜನಕ. ಬೆರಣಿ ತಟ್ಟಿ ಒಲೆಗೆ ಹಾಕಿದಾಗ ಈ ಸಾರಜನಕವೂ ಸಾವಯವ ವಸ್ತುವೂ ಗಾಳಿಯ ಪಾಲಾಗಿ, ಬೂದಿ ಮಾತ್ರ ಉಳಿಯುತ್ತದೆ.

ಗಂಜಲದ ನಷ್ಟ ಇನ್ನೂ ದೊಡ್ಡದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಸಗಣಿಗಿಂತ ಗಂಜಲದಲ್ಲಿ ಸಾರಜನಕ ಮತ್ತು ಪೊಟ್ಯಾಷ್ ಪ್ರಮಾಣ ಹೆಚ್ಚು. ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ಅದು ಇಂಗಿ ಹೋಗುತ್ತದೆ. ಕಲ್ಲುಹಾಸಿನ ಕೊಟ್ಟಿಗೆಯಲ್ಲಿ ಚರಂಡಿ ಸೇರುತ್ತದೆ. ಸಂಜೆ ದನಗಳ ಕೆಳಗೆ ಒಣಹುಲ್ಲು, ತರಗೆಲೆ, ರಾಗಿಯ ಹೊಟ್ಟು ಅಥವಾ ಪುಡಿಮಣ್ಣನ್ನು ಹಾಸಿ, ಬೆಳಿಗ್ಗೆ ನೆನೆದ ಹಾಸನ್ನು ಸಗಣಿಯೊಂದಿಗೆ ಗುಂಡಿಗೆ ಹಾಕುವುದು ಹತ್ತು ನಿಮಿಷದ ಕೆಲಸ. ಇದಕ್ಕೆ ಕಾಸಿನ ಖರ್ಚಿಲ್ಲ.

ಬಯಲಿನ ತಿಪ್ಪೆಯಲ್ಲಿ ಬಿಸಿಲು ಸಾರಜನಕವನ್ನು ಹಾರಿಸುತ್ತದೆ. ಮಳೆ ಸಾರವನ್ನು ತೊಳೆಯುತ್ತದೆ. ಆದ್ದರಿಂದ 20ರಿಂದ 25 ಅಡಿ ಉದ್ದ, 5ರಿಂದ 6 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆಯುವುದು ಲೇಸು. ಗುಂಡಿಯನ್ನು ಒಂದು ತುದಿಯಿಂದ ತುಂಬುತ್ತ ಬರಬೇಕು. ತುಂಬಿದ ಭಾಗವು ನೆಲಮಟ್ಟದಿಂದ ಒಂದೂವರೆ-ಎರಡು ಅಡಿ ಎತ್ತರ ಬಂದಾಗ ಗುಮ್ಮಟದಂತೆ ಮಾಡಿ ಸಗಣಿ-ಮಣ್ಣಿನ ರಾಡಿಯಿಂದ ಮೆತ್ತಬೇಕು. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ, ‘ಬೆಂಗಳೂರು ವಿಧಾನ’ವೆಂದೇ ಹೆಸರಾದ ಕಾಂಪೋಸ್ಟ್ ಪದ್ಧತಿಯಲ್ಲಿಯೂ ಹೀಗೆ ಮೆತ್ತಿ ಮುಚ್ಚುವುದೇ ಮುಖ್ಯ. ಮತ್ತೆ ಮತ್ತೆ ಮೊಗಚುವ ಕೆಲಸವಿಲ್ಲದ ಕಾರಣ ಆಳಿನ ಅಭಾವವಿರುವ ಮನೆಗೂ ಇದು ಒಗ್ಗುತ್ತದೆ.

ಸಗಣಿಯನ್ನೆಲ್ಲ ಗುಂಡಿಗೆ ಹಾಕಿದರೆ ಉರುವಲಿಗೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಾಲ್ಕೈದು ದನಗಳಿರುವ ಕುಟುಂಬಕ್ಕೆ ಗೋಬರ್ ಗ್ಯಾಸ್ ಇದಕ್ಕೆ ಉತ್ತರ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಮತ್ತು ಅಷ್ಟೇ ನೀರು ಬೇಕು. ಅನಿಲ ಉರಿದ ಮೇಲೂ ಸಾರಜನಕ ಬಗ್ಗಡದಲ್ಲಿ ಉಳಿಯುತ್ತದೆ; ಅಡಿಗೆಯೂ ಆಯಿತು, ಗೊಬ್ಬರವೂ ಆಯಿತು. ದನ ಕಡಿಮೆ ಇರುವವರು, ಕಟ್ಟಿಗೆಯಲ್ಲೇ ಅಡಿಗೆ ಮಾಡುವವರು ಹೊಗೆಕೊಳವೆಯುಳ್ಳ ಒಲೆಯನ್ನು ಹಾಕಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕವು ರೂಪಿಸಿದ ಅಸ್ತ್ರ ಒಲೆಯಲ್ಲಿ ಒಂದೇ ಉರಿಗೆ ಮೂರು ಪಾತ್ರೆಗಳನ್ನು ಇಡಬಹುದು. ಕಟ್ಟಿಗೆಯೂ ಉಳಿಯುತ್ತದೆ, ಅಡಿಗೆಮನೆಯ ಹೆಣ್ಣುಮಕ್ಕಳ ಕಣ್ಣು ಮತ್ತು ಶ್ವಾಸಕೋಶಗಳೂ ಉಳಿಯುತ್ತವೆ. ಸಿಲಿಂಡರ್ ಬಂದ ಎಷ್ಟೋ ಮನೆಗಳಲ್ಲಿ ಇಂದಿಗೂ ಬಚ್ಚಲ ಹಂಡೆಯ ಕೆಳಗೆ ಮೂರು ಹೊತ್ತಿನ ಅಡಿಗೆಗೆ ಸಾಲುವಷ್ಟು ಸೌದೆ ಉರಿಯುತ್ತಿದೆ ಎಂಬುದನ್ನೂ ಗಮನಿಸಬೇಕು.

ಇನ್ನು ಕಬ್ಬಿನ ತರಗು. ಬೆಳಗಾವಿ, ಬಾಗಲಕೋಟೆ ಕಡೆ ಇದನ್ನೇ ರವದಿ ಎನ್ನುತ್ತಾರೆ. ಕಟಾವಾದ ಒಂದು ಎಕರೆಯಲ್ಲಿ 3ರಿಂದ 4 ಟನ್ ತರಗು ಉಳಿಯುತ್ತದೆ. ನಾಲ್ಕು ಟನ್ನಿನಲ್ಲಿ ಸುಮಾರು 14 ಕೆ.ಜಿ. ಸಾರಜನಕವಿದೆ. ಬೆಂಕಿ ಇಟ್ಟರೆ ಸುಮಾರು 30 ಕೆ.ಜಿ. ಯೂರಿಯಾದ ಸಾರವು ಒಂದೇ ಗಂಟೆಯಲ್ಲಿ ಹೋಗುತ್ತದೆ. ಬೂದಿಯಲ್ಲುಳಿದ ಪೊಟ್ಯಾಷ್ ಗಾಳಿಗೆ ಹಾರುತ್ತದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ ಮಣ್ಣಿಗೆ ಸೇರಬೇಕಾದ ಟನ್ನುಗಟ್ಟಲೆ ಸಾವಯವ ವಸ್ತು ಸೇರದಿರುವುದು. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳೂ ಪೀಡೆಗಳನ್ನು ತಿನ್ನುವ ಉಪಕಾರಿ ಕೀಟಗಳೂ ಸಾಯುತ್ತವೆ.

ರೈತರು ತರಗನ್ನು ಸುಡುವುದು ಅಜ್ಞಾನದಿಂದಲ್ಲ. ಕೂಳೆ ಬೆಳೆಗೆ ನೀರು ಕಟ್ಟಲು, ಗೊಬ್ಬರ ಕೊಡಲು ತರಗು ಅಡ್ಡ ಬರುತ್ತದೆ. ಅದನ್ನು ಸರಿಸಲು ಆಳು ಸಿಗುವುದಿಲ್ಲ. ಇಲಿ, ಹಾವುಗಳ ಭಯವೂ ಇದೆ. ಈ ತೊಂದರೆಗಳಿಗೆ ದಾರಿಯಿದೆ. ತರಗನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹರಡಿ, ಬಿಟ್ಟ ಸಾಲಿನಲ್ಲಿ ನೀರು ಹಾಯಿಸಬಹುದು. ಪ್ರತಿ ಟನ್ ತರಗಿಗೆ ಸುಮಾರು 8 ಕೆ.ಜಿ. ಯೂರಿಯಾ ಮತ್ತು 10 ಕೆ.ಜಿ. ಸೂಪರ್ ಫಾಸ್ಫೇಟ್ ಎರಚಿ, ತೇವವಿರಿಸಿದರೆ ಬೇಗ ಕಳಿಯುತ್ತದೆ. ಕಳಿಸುವ ಜೀವಾಣುಗಳಿಗೆ ಸಾರಜನಕ ಬೇಕು. ಅದನ್ನು ನಾವು ಕೊಡದಿದ್ದರೆ ಅವು ಬೆಳೆಯ ಪಾಲಿನದನ್ನೇ ಎಳೆದುಕೊಳ್ಳುತ್ತವೆ. ಹರಡಿದ ತರಗು ಕಳೆಯನ್ನು ತಡೆದು, ತೇವವನ್ನು ಕಾಯುವುದರಿಂದ ಬೇಸಿಗೆಯಲ್ಲಿ ನೀರಿನ ಉಳಿತಾಯವೂ ಆಗುತ್ತದೆ. ಆದರೆ ಒಣ ತರಗಿಗೆ ಒಂದು ಬೀಡಿಯ ಕಿಡಿ ಸಾಕು. ಬದುವಿನ ಸುತ್ತ ಕೆಲವು ಅಡಿ ಜಾಗವನ್ನು ಹಸನಾಗಿಡಬೇಕು. ಪಕ್ಕದ ಹೊಲದವರೊಡನೆ ಮೊದಲೇ ಮಾತನಾಡಿಕೊಳ್ಳಬೇಕು. ಕಾಡಿಗೆ ರೋಗ, ಕೆಂಪು ಕೊಳೆ ರೋಗ ತಗುಲಿದ ಬುಡಗಳನ್ನು ಮಾತ್ರ ಕಿತ್ತು ನಾಶಪಡಿಸುವುದು ಅವಶ್ಯ.

ಮನೆಯ ಬಚ್ಚಲ ನೀರಿಗೂ ಇದೇ ಮಾತು ಅನ್ವಯಿಸುತ್ತದೆ. ಐದು ಜನರಿರುವ ಮನೆಯಲ್ಲಿ ದಿನಕ್ಕೆ ನೂರು ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಹರಿದು, ರಸ್ತೆಯಲ್ಲಿ ನಿಂತು ಸೊಳ್ಳೆಗೆ ಮನೆಯಾಗುತ್ತದೆ. ಸಣ್ಣ ಕಾಲುವೆ ತೆಗೆದು ಹಿತ್ತಲಿನ ಬಾಳೆ, ತೆಂಗು, ನುಗ್ಗೆಗೆ ಬಿಟ್ಟರೆ ನೀರೂ ಬಳಕೆಯಾಯಿತು, ಬೀದಿಯೂ ಹಸನಾಯಿತು.

ಹಿಂದಿನ ತಿಪ್ಪೆಯಲ್ಲಿ ಇಲ್ಲದ, ಇಂದಿನ ತಿಪ್ಪೆಯಲ್ಲಿರುವ ಒಂದು ವಸ್ತು ಪ್ಲಾಸ್ಟಿಕ್. ಇದು ಕೊಳೆಯುವುದಿಲ್ಲ; ಗೊಬ್ಬರದೊಡನೆ ಹೊಲ ಸೇರಿ ಬೇರಿಗೂ ನೀರಿಗೂ ಅಡ್ಡಿಯಾಗುತ್ತದೆ; ದನದ ಹೊಟ್ಟೆ ಸೇರಿದರೆ ಪ್ರಾಣಕ್ಕೇ ಅಪಾಯ. ಹಂಡೆಯ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೀಲ, ಹಳೆಯ ಪಿ.ವಿ.ಸಿ. ಪೈಪಿನ ತುಂಡು ಬಳಸುವುದಂತೂ ಸಲ್ಲದು. ಆ ಹೊಗೆ ವಿಷಕಾರಿ. ಬಾಗಿಲ ಹಿಂದೆ ಒಂದು ಗೋಣಿಚೀಲ ತೂಗುಹಾಕಿ ಪ್ಲಾಸ್ಟಿಕ್ಕನ್ನು ಅದರಲ್ಲಿ ಬೇರೆಯಾಗಿ ಕೂಡಿಸಿ, ಗುಜರಿಯವರಿಗೋ ಪಂಚಾಯಿತಿಯ ಕಸದ ಗಾಡಿಗೋ ಕೊಡುವುದು ಒಳ್ಳೆಯದು.

ಇವೆಲ್ಲವನ್ನೂ ಒಂದೇ ದಿನ ಆರಂಭಿಸಬೇಕಾಗಿಲ್ಲ. ಈ ವಾರ ಕೊಟ್ಟಿಗೆಗೆ ಹಾಸು, ಮುಂದಿನ ತಿಂಗಳು ಗುಂಡಿ, ಮುಂದಿನ ಕಟಾವಿಗೆ ಅರ್ಧ ಎಕರೆಯಲ್ಲಿ ತರಗು ಹರಡುವುದು, ಹೀಗೆ ಒಂದೊಂದಾಗಿ ರೂಢಿಗೆ ತಂದರೆ ಸಾಕು. ಫಲ ಕಾಣಲು ಮಣ್ಣು ಪರೀಕ್ಷೆಯ ವರದಿಯೇ ಅಳತೆಗೋಲು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲದ ಅಂಕಿಯಿರುತ್ತದೆ. ಅದು ಶೇಕಡ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಉತ್ತಮ. ವಿಸ್ತರಣಾ ಕಾರ್ಯಕರ್ತರು ರೈತರ ಮನೆಗೆ ಹೋದಾಗ ಯೂರಿಯಾದ ಪ್ರಮಾಣ ಹೇಳುವ ಮುನ್ನ ಆ ಅಂಕಿಯನ್ನೂ ಹಿತ್ತಲಿನ ಗುಂಡಿಯನ್ನೂ ನೋಡುವುದು ಒಳಿತು. ಈ ಅಂಕಿ ಒಂದೇ ವರ್ಷದಲ್ಲಿ ಏರುವುದಿಲ್ಲ. ಆದರೆ ಪ್ರತಿ ವರ್ಷ ಬೆಂಕಿ ಬೀಳುವ ಹೊಲದಲ್ಲಿ ಅದು ಏರುವ ಮಾತೇ ಇಲ್ಲ.