ಓದದೆ ರುಜು ಹಾಕಬೇಡಿ

(ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಮಕ್ಕಳ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿದ್ದರು. ನಾನು ಇಂದು ಹೆತ್ತವರ ಓದಿನ ಬಗ್ಗೆ ಮಾತನಾಡಬೇಕೆಂದಿದ್ದೇನೆ.

ಕಾನೂನು ಎಂದ ಕೂಡಲೆ ನಮಗೆ ಕೋರ್ಟು, ಕರಿಕೋಟು, ಪೊಲೀಸು ನೆನಪಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವವರಲ್ಲ. ಆದರೂ ಕಾನೂನು ನಮ್ಮ ಮನೆಯ ಟ್ರಂಕಿನೊಳಗೇ ಇದೆ. ಮಗುವಿನ ಜನನ ಪ್ರಮಾಣಪತ್ರ, ಜಾಗದ ಕಾಗದ, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲವೂ ಕಾನೂನೇ. ಗಡಿನಾಡಿನವರಾದ ನಮಗೆ ಇದರಲ್ಲಿ ಒಂದು ತೊಡಕು ಹೆಚ್ಚು. ಅಜ್ಜನ ಕಾಲದ ಜಾಗದ ಪತ್ರ ಕನ್ನಡದಲ್ಲಿದ್ದರೆ ಇಂದಿನ ತೆರಿಗೆ ರಶೀದಿ ಮಲಯಾಳದಲ್ಲಿರುತ್ತದೆ, ಮಗುವಿನ ಸರ್ಟಿಫಿಕೇಟು ಇಂಗ್ಲಿಷಿನಲ್ಲಿರುತ್ತದೆ. ಮೂರರಲ್ಲಿಯೂ ಒಬ್ಬನೇ ಮನುಷ್ಯನ ಹೆಸರು ಒಂದೇ ಆಗಿದೆಯೇ ಎಂದು ನಾವು ನೋಡುವುದಿಲ್ಲ.

ಆದ್ದರಿಂದ ಮೊದಲು ಹೆಸರಿನ ಮಾತು. ಗೀತಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೇರಳ, ತಮಿಳುನಾಡಿನ ಕಡೆ 'ಟಿ' ಅಕ್ಷರದ ಮುಂದೆ 'ಎಚ್' ಸೇರಿಸುವುದು ರೂಢಿ. ಸೊಲ್ಲಾಪುರದ ಕಡೆ ಸೇರಿಸುವುದಿಲ್ಲ. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ತಾಳವಾಡಿಯ ಗೋಪಾಲ ಕಾಗದದಲ್ಲಿ ಕೋಪಾಲನಾಗಬಹುದು. ಜತ್ತ, ಅಕ್ಕಲಕೋಟೆಯಲ್ಲಿ ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ಆಂಧ್ರದಲ್ಲಿ ಮನೆತನದ ಹೆಸರು ಮೊದಲಿಗೆ. ನಮ್ಮಲ್ಲಿ ಇನಿಶಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಬಾಯಿಂದ ಕರೆಯುವಾಗ ಯಾವ ವ್ಯತ್ಯಾಸವೂ ಇಲ್ಲ. ಕಂಪ್ಯೂಟರಿಗೆ ಮಾತ್ರ ಅವರಿಬ್ಬರು ಬೇರೆ ಬೇರೆ ಮನುಷ್ಯರು.

ನಾನು ಕಲಿಸಿದ ಒಬ್ಬ ಹುಡುಗಿಗೆ ಹೀಗೇ ಆಯಿತು. ಜನನ ಪತ್ರದಲ್ಲಿ ಒಂದು ಕಾಗುಣಿತ, ಶಾಲೆಯಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮೂರನೆಯದು. ವಿದ್ಯಾರ್ಥಿವೇತನದ ಅರ್ಜಿ ಹಿಂದೆ ಬಂತು. ಕೂಲಿ ಕೆಲಸದ ತಂದೆ ನಾಲ್ಕು ದಿನದ ಸಂಬಳ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆದರು. ತಿದ್ದುಪಡಿ ಕೈಗೆ ಬರುವಾಗ ಅರ್ಜಿಯ ಕೊನೆಯ ದಿನ ಕಳೆದಿತ್ತು. ಆ ಮನೆಯಲ್ಲಿ ಯಾರೂ ತಪ್ಪು ಮಾಡಿರಲಿಲ್ಲ, ಆದರೂ ನಷ್ಟ ಅವರದಾಯಿತು.

ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿ ಆಗಬೇಕೆಂದು ಜನನ-ಮರಣ ನೋಂದಣಿಯ 1969ರ ಕಾಯಿದೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದರೆ ತಿಳಿಸುವ ಹೊಣೆ ಆಸ್ಪತ್ರೆಯದು. ಮನೆಯಲ್ಲಿ ಹುಟ್ಟಿದರೆ ಮನೆಯವರದು. 30 ದಿನದೊಳಗಾದರೆ ತಡಶುಲ್ಕ ಕಟ್ಟಿದರೆ ಸಾಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಹೆಸರಿಡುವ ಮೊದಲೇ ನೋಂದಣಿ ಮಾಡಿಸಬಹುದು. ಆದರೆ ಆ ಖಾಲಿ ಜಾಗವನ್ನು ಆಮೇಲೆ ತುಂಬಿಸಲು ಹಲವರು ಮರೆಯುತ್ತಾರೆ. 2023ರಲ್ಲಿ ಈ ಕಾಯಿದೆಗೆ ತಿದ್ದುಪಡಿಯಾಯಿತು. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ಪಾಸ್‌ಪೋರ್ಟಿಗೆ, ಸರಕಾರಿ ಕೆಲಸಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ಆಧಾರವಾಗಿ ಜನನ ಪ್ರಮಾಣಪತ್ರವೇ ಬೇಕು. ಈಗ ಅಂಗನವಾಡಿಗೆ ಹೋಗುತ್ತಿರುವ ತಮ್ಮ-ತಂಗಿಯರಿದ್ದರೆ ಅವರ ಕಾಗದವನ್ನೂ ತೆಗೆದು ನೋಡಿ.

ತಪ್ಪಿದ್ದರೆ ಮಗು ಶಾಲೆಯಲ್ಲಿರುವಾಗಲೇ ತಿದ್ದಿಸಿ. ಹತ್ತನೆಯ ತರಗತಿಯ ಸರ್ಟಿಫಿಕೇಟು ಅಚ್ಚಾದ ಮೇಲೆ ಅದೇ ತಪ್ಪು ತಿದ್ದಲು ದಾರಿ ಉದ್ದವಾಗುತ್ತದೆ.

ಎರಡನೆಯದು ರುಜು. ಪರಿಚಯದವರು ಸಹಕಾರಿ ಬ್ಯಾಂಕಿಗೆ ಕರೆದೊಯ್ದು "ಬರೇ ಒಂದು ಸೈನು" ಎನ್ನುತ್ತಾರೆ. ಕಾಗದ ನಮಗೆ ಓದಲು ಬಾರದ ಲಿಪಿಯಲ್ಲಿ. ಸಾಕ್ಷಿಗೆ ಎಂದುಕೊಂಡು ರುಜು ಹಾಕುತ್ತೇವೆ. ನೋಟೀಸು ಬಂದಾಗಲೇ ಅದು ಜಾಮೀನೆಂದು ತಿಳಿಯುವುದು. ಸಾಕ್ಷಿ ಬೇರೆ, ಜಾಮೀನು ಬೇರೆ. ಸಾಕ್ಷಿ ಸಾಲ ತೀರಿಸಬೇಕಾಗಿಲ್ಲ. ಜಾಮೀನು ನಿಂತವನ ಹೊಣೆಯಾದರೋ, 1872ರ ಕರಾರು ಕಾಯಿದೆಯಂತೆ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಲಗಾರನನ್ನು ಮೊದಲು ಹಿಡಿಯಿರಿ ಎಂಬ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ.

ತಾಯಂದಿರಿಗೆ ವಿಶೇಷವಾಗಿ ಒಂದು ಮಾತು. ತವರಿನಿಂದ ಕರೆ ಬಂದು, "ತೆರಿಗೆ ಕಟ್ಟಲು ಒಂದು ರುಜು ಬೇಕು" ಎಂದರೆ ಕಾಗದ ಯಾವುದೆಂದು ಕೇಳಿ. ಅದು ನಿಮ್ಮ ಪಾಲಿನ ಹಕ್ಕುಬಿಡುಗಡೆ ಪತ್ರವೂ ಆಗಿರಬಹುದು. ಪ್ರೀತಿಯಿಂದ ಪಾಲು ಬಿಡುವುದು ನಿಮ್ಮ ಇಷ್ಟ. ಅದನ್ನು ಯಾರೂ ಬೇಡ ಎನ್ನುವುದಿಲ್ಲ. ಬಿಡುವುದಾದರೆ ತಿಳಿದು ಬಿಡಿ. ನೋಂದಣಿಯಾದ ಪತ್ರವನ್ನು "ನನಗೆ ಓದಲು ಬರುತ್ತಿರಲಿಲ್ಲ" ಎಂದು ಆಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ.

ಹಾಗಾದರೆ ಏನು ಮಾಡಬೇಕು? ಕಾಗದವನ್ನು ಒಂದು ದಿನದ ಮಟ್ಟಿಗೆ ಮನೆಗೆ ಕೇಳಿ. ಭಾಷೆ ಬಲ್ಲ, ಆ ವ್ಯವಹಾರದಲ್ಲಿ ಲಾಭವಿಲ್ಲದ ಒಬ್ಬರಿಂದ ಓದಿಸಿ. ಬರೆಯುವವರಲ್ಲಿ "ಇದನ್ನು ಕನ್ನಡದಲ್ಲಿ ಓದಿ ಹೇಳಿ ತಿಳಿಸಲಾಗಿದೆ" ಎಂಬ ಸಾಲನ್ನು ಸೇರಿಸಲು ಹೇಳಿ. ಖಾಲಿ ಚೆಕ್ಕಿಗೆ, ಖಾಲಿ ಮುದ್ರಾಪತ್ರಕ್ಕೆ ಯಾವ ಕಾರಣಕ್ಕೂ ರುಜು ಬೇಡ. ಇನ್ನೊಂದು ವಿಷಯ: 1908ರ ನೋಂದಣಿ ಕಾಯಿದೆ ಪತ್ರವು ಇಂಥದೇ ಭಾಷೆಯಲ್ಲಿರಬೇಕು ಎನ್ನುವುದಿಲ್ಲ. ನೋಂದಣಾಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದ ಭಾಷೆಯಾದರೆ ಮಾತ್ರ ಅನುವಾದ ಕೇಳುತ್ತದೆ.

ಪೊಲೀಸ್ ಠಾಣೆಯಲ್ಲಿಯೂ ಹೀಗೆಯೇ. ನೀವು ಬಾಯಿಮಾತಿನಲ್ಲಿ ದೂರು ಕೊಟ್ಟರೆ ಅವರು ಬರೆದುಕೊಂಡು ನಿಮಗೆ ಓದಿ ಹೇಳಬೇಕು, ಆಮೇಲೆ ನಿಮ್ಮ ರುಜು ಪಡೆಯಬೇಕು, ದಾಖಲಾದ ದೂರಿನ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ಹಿಂದಿನ ಕಾಯಿದೆಯಲ್ಲಿ ಇದು ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಬೇಕು.

ಮೂರನೆಯದು ಅರ್ಜಿ. ಕಚೇರಿಯಲ್ಲಿ ಕನ್ನಡ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದರೆ ನಾವು ತಲೆ ತಗ್ಗಿಸಿ ಬರುತ್ತೇವೆ. ಸಂವಿಧಾನದ 350ನೆಯ ವಿಧಿ ಓದಿ. ತನ್ನ ಕುಂದುಕೊರತೆಯನ್ನು ಪರಿಹರಿಸಿಕೊಳ್ಳಲು ಯಾವುದೇ ವ್ಯಕ್ತಿ, ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ರಾಜ್ಯಗಳ ಮರುವಿಂಗಡಣೆಯಾದ 1956ರಲ್ಲಿ ಇದಕ್ಕೆ 350ಎ ಮತ್ತು 350ಬಿ ಸೇರಿದವು. ಒಂದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ. ಇನ್ನೊಂದು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ನೇಮಕಕ್ಕೆ. ನಮ್ಮ ಶಾಲೆಗೂ ನಿಮ್ಮ ಅರ್ಜಿಗೂ ಇರುವ ನಂಟು ಅದು. ಆದ್ದರಿಂದ ಜಗಳ ಬೇಡ, ಕಣ್ಣೀರೂ ಬೇಡ. ಅರ್ಜಿಯ ಎರಡು ಪ್ರತಿ ಒಯ್ಯಿರಿ; ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿ ತನ್ನಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಿ.

ವಕೀಲರಿಗೆ ಕೊಡಲು ಹಣ ಎಲ್ಲಿಂದ ಎಂದು ಕೇಳುವಿರಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ವರ್ಗದವರು, ಅಂಗವಿಕಲರು, ಕಡಿಮೆ ವರಮಾನದವರು ಉಚಿತವಾಗಿ ವಕೀಲರ ಸಹಾಯ ಪಡೆಯಬಹುದು. ಹೆಂಗಸರಿಗೆ ವರಮಾನದ ಮಿತಿಯೂ ಇಲ್ಲ. ಕೋರ್ಟಿನ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. 15100 ಸಂಖ್ಯೆಗೆ ಫೋನೂ ಮಾಡಬಹುದು.

ಕೊನೆಗೆ ಒಂದು ಮನೆಪಾಠ ಕೊಡುತ್ತೇನೆ, ಈ ಸಲ ನಿಮಗೆ. ಬರುವ ಭಾನುವಾರ ಟ್ರಂಕು ತೆರೆದು ಕಾಗದಗಳನ್ನು ಚಾಪೆಯ ಮೇಲೆ ಹರಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿ. ನಮ್ಮ ಮಕ್ಕಳು ಕನ್ನಡದ ಜೊತೆಗೆ ಮಲಯಾಳವನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಅವರೇ ಓದಿ ಹೇಳಲಿ, ನೀವು ಕೇಳಿ. ವ್ಯತ್ಯಾಸ ಕಂಡಲ್ಲಿ ಪೆನ್ಸಿಲಿನಲ್ಲಿ ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಂಡು ಸೋಮವಾರ ಶಾಲೆಗೆ ಬನ್ನಿ. ಅರ್ಜಿ ಬರೆದುಕೊಡಲು ನಾವಿದ್ದೇವೆ.