ಹಿಂಡಿಯಲ್ಲಿ ಉಳಿದ ಎಣ್ಣೆ



ಹಲವು ವರ್ಷಗಳ ಹಿಂದೆ ಕಣೇಕಲ್ಲಿನ ಕನ್ನಡ ಮಾಧ್ಯಮದ ತರಗತಿಯೊಂದರಲ್ಲಿ ನಾನು ಎಣ್ಣೆಕಾಳುಗಳ ಬಗ್ಗೆ ಮಾದರಿ ಪಾಠ ಮಾಡುತ್ತಿದ್ದೆ. ಬಾಲಕಿಯೊಬ್ಬಳು ಎದ್ದು, "ಸಾರ್, ಎಣ್ಣೆ ತೆಗೆದ ಚೆಕ್ಕ ಲಾರಿಯಲ್ಲಿ ಇನ್ನೊಂದು ಮಿಲ್ಲಿಗೆ ಹೋಗ್ತದಲ್ಲ, ಅಲ್ಲೇನು ಮಾಡ್ತಾರೆ?" ಎಂದಳು. "ಚೆಕ್ಕ ತೆಲುಗಿನ ಮಾತು, ಹಿಂಡಿ ಎನ್ನಬೇಕು" ಎಂದು ತಿದ್ದಿ ಮುಂದುವರಿದೆ. ಪದವನ್ನು ತಿದ್ದಿದೆನೇ ಹೊರತು ಪ್ರಶ್ನೆಗೆ ಉತ್ತರಿಸಲಿಲ್ಲ. ಆ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ಮಳೆಯಾಶ್ರಿತ ಕೆಂಪುನೆಲದ ಮುಖ್ಯ ಬೆಳೆ ಶೇಂಗಾ. 100 ಕಿಲೋ ಒಣಕಾಯಿ ಸುಲಿದರೆ ಸುಮಾರು 70 ಕಿಲೋ ಬೀಜ ದೊರೆಯುತ್ತದೆ. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಅದು ಜೀವಕೋಶಗಳೊಳಗೆ ಸಣ್ಣ ಹನಿಗಳಾಗಿ ಅಡಗಿರುತ್ತದೆ. ಹಿಂದೆ ಎತ್ತಿನ ಗಾಣ ಅದನ್ನು ಅರೆದು ಹಿಂಡುತ್ತಿತ್ತು. ಈಗ ಬೀಜವನ್ನು ಹಬೆಯಲ್ಲಿ ಬಿಸಿಮಾಡಿ, ಎಕ್ಸ್‌ಪೆಲ್ಲರಿನ ತಿರುಪಿನಿಂದ ಒತ್ತುತ್ತಾರೆ. ಆದರೂ ಹಿಂಡಿಯಲ್ಲಿ ನೂರಕ್ಕೆ 6ರಿಂದ 8ರಷ್ಟು ಎಣ್ಣೆ ಉಳಿಯುತ್ತದೆ.

ಲಾರಿ ಹೊರಡುವುದು ಈ ಉಳಿಕೆಗಾಗಿ. ಎರಡನೆಯ ಮಿಲ್ಲಿನಲ್ಲಿ ಹಿಂಡುವುದಿಲ್ಲ, ಕರಗಿಸುತ್ತಾರೆ. ಹೆಕ್ಸೇನ್ ಎಂಬ ದ್ರಾವಕವನ್ನು ಹಿಂಡಿಯ ಮೇಲೆ ಹಾಯಿಸಿದಾಗ ಎಣ್ಣೆ ಅದರಲ್ಲಿ ಕರಗಿ ಬರುತ್ತದೆ. ಕಾಯಿಸಿದರೆ ಹೆಕ್ಸೇನ್ ಆವಿಯಾಗಿ, ಎಣ್ಣೆ ಉಳಿಯುತ್ತದೆ. ಆವಿಯನ್ನು ತಣಿಸಿ ಮತ್ತೆ ಬಳಸುತ್ತಾರೆ. ಹಿಂಡಿಯಲ್ಲಿ ಉಳಿಯುವುದು ನೂರಕ್ಕೆ ಒಂದರಷ್ಟು ಮಾತ್ರ. ಹೀಗೆ ಪಡೆದ ಎಣ್ಣೆಯನ್ನು ಹಾಗೆಯೇ ಉಣ್ಣಲಾಗದು. ಅದರ ಅಂಟು ಬೇರ್ಪಡಿಸಿ, ಕ್ಷಾರ ಸೇರಿಸಿ ಆಮ್ಲವನ್ನು ತಟಸ್ಥಗೊಳಿಸಿ, ಬಣ್ಣ ಹೀರುವ ಜೇಡಿಯಿಂದ ತಿಳಿಗೊಳಿಸಿ, ನಿರ್ವಾತದಲ್ಲಿ ಹಬೆ ಹಾಯಿಸಿ ವಾಸನೆ ಕಳೆಯುತ್ತಾರೆ. ಪ್ರೋಟೀನ್ ತುಂಬಿದ ಹಿಂಡಿ ದನಗಳ ಮೇವಾಗುತ್ತದೆ.

ನೋಡಿ, ಕರಗುವಿಕೆ, ಆವೀಕರಣ, ಸಾಂದ್ರೀಕರಣ, ತಟಸ್ಥೀಕರಣ ಎಲ್ಲವೂ ಆ ಬಾಲಕಿಯ ಒಂದೇ ಪ್ರಶ್ನೆಯಲ್ಲಿದ್ದವು.

ಹೆಕ್ಸೇನ್ ಬೇಗ ಹೊತ್ತಿಕೊಳ್ಳುವ ವಸ್ತು. ಅದನ್ನು ತರಗತಿಗೆ ತರಬೇಡಿ. ಎಕ್ಸ್‌ಪೆಲ್ಲರಿನ ಹಿಂಡಿಯ ತುಂಡೊಂದನ್ನು ತರಿಸಿ, ಬಿಸಿಲಲ್ಲಿಟ್ಟು, ಬಿಳಿ ಕಾಗದಕ್ಕೆ ಒತ್ತಿ ಉಜ್ಜಿಸಿ. ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುವ ಕಲೆಯೇ ಉಳಿದ ಎಣ್ಣೆಗೆ ಸಾಕ್ಷಿ. ಕರಿಹಲಗೆಯ ಮೇಲೆ 'ಚೆಕ್ಕ', 'ಹಿಂಡಿ' ಎರಡನ್ನೂ ಬರೆಯಿರಿ. 'ಹಿಂಡು' ಎಂಬ ಕ್ರಿಯೆಯಿಂದ 'ಹಿಂಡಿ' ಆದುದನ್ನು ಮಕ್ಕಳೇ ಕಂಡುಕೊಳ್ಳಲಿ. ಗಡಿನಾಡಿನ ಮಗು ಎರಡು ಭಾಷೆಗಳ ನಡುವೆ ಬೆಳೆಯುತ್ತದೆ. ತಿದ್ದಿಸಿಕೊಳ್ಳುವ ಭಯಕ್ಕೆ ಅದು ಪ್ರಶ್ನೆಯನ್ನೇ ನುಂಗಿದರೆ ಕನ್ನಡಕ್ಕೂ ನಷ್ಟ, ವಿಜ್ಞಾನಕ್ಕೂ ನಷ್ಟ. ಮೊದಲು ಪ್ರಶ್ನೆಗೆ ಉತ್ತರಿಸೋಣ. ಪದವನ್ನು ಆಮೇಲೆ ಕಲಿಸೋಣ.